ಕಂಪ್ಯೂಟರಿನ ನೆನಪು, ನಮ್ಮ ಶಾಲೆಯ ದಾಖಲೆ

(ಸುವರ್ಣ ಮಹೋತ್ಸವದ ಎರಡನೆಯ ದಿನ ಮಧ್ಯಾಹ್ನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಊಟ ಆಗಿದೆ, ಪಾಯಸವೂ ಚೆನ್ನಾಗಿತ್ತು. ಈ ಹೊತ್ತಿನಲ್ಲಿ ಕಂಪ್ಯೂಟರ್ ಬಗ್ಗೆ ಮಾತು ಅಂದರೆ ಕಣ್ಣು ಎಳೆಯುವುದು ಸಹಜ. ಹಿಂದಿನ ಬೆಂಚಿನವರು ತೂಕಡಿಸಿದರೆ ನನಗೇನೂ ಬೇಸರವಿಲ್ಲ, ನಾನೂ ಆ ಬೆಂಚಿನವನೇ. ಕೊನೆಯಲ್ಲಿ ಮಾತ್ರ ಒಂದು ಕೆಲಸದ ವಿಷಯ ಇದೆ. ಆಗ ಪಕ್ಕದವರು ದಯವಿಟ್ಟು ಎಬ್ಬಿಸಿ.

ಸಮಿತಿಯವರು ನನಗೆ ಕೊಟ್ಟ ವಿಷಯ ‘ಕಂಪ್ಯೂಟರಿನ ಮೆಮೊರಿ ಮತ್ತು ಸ್ಟೋರೇಜ್’. ಇದಕ್ಕೂ ಸುವರ್ಣ ಮಹೋತ್ಸವಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ಕಳೆದ ಕೆಲವು ತಿಂಗಳಿಂದ ನಮ್ಮ ಹುಡುಗರು, ಹುಡುಗಿಯರು ಮನೆ ಮನೆಗೆ ಹೋಗಿ ಶಾಲೆಯ ಹಳೆಯ ಫೋಟೊಗಳನ್ನು ತಂದು ಸ್ಕ್ಯಾನ್ ಮಾಡಿದ್ದಾರೆ. ಮೊದಲ ವರ್ಷದಿಂದ ಇರುವ ದಾಖಲಾತಿ ಪುಸ್ತಕಗಳ ಪುಟಗಳನ್ನೂ ಒಂದೊಂದಾಗಿ ಸ್ಕ್ಯಾನ್ ಮಾಡಿದ್ದಾರೆ. ಬಹಳ ದೊಡ್ಡ ಕೆಲಸ. ಅದೆಲ್ಲವೂ ಈಗ ಒಂದು ಪೆನ್ ಡ್ರೈವಿನಲ್ಲಿದೆ. ಆ ಪೆನ್ ಡ್ರೈವ್ ಮುಖ್ಯೋಪಾಧ್ಯಾಯರ ಮೇಜಿನ ಡ್ರಾಯರಿನಲ್ಲಿದೆ. ನಿನ್ನೆ ಸಮಿತಿಯ ಹಿರಿಯರೊಬ್ಬರು, “ಇನ್ನು ಚಿಂತೆ ಇಲ್ಲಪ್ಪ, ಎಲ್ಲ ಕಂಪ್ಯೂಟರಿಗೆ ಸೇರಿತು. ಆ ಗೆದ್ದಲು ಹಿಡಿದ ಪುಸ್ತಕ ಇನ್ಯಾಕೆ? ರದ್ದಿಗೆ ಹಾಕಿದರೆ ಬೀರು ಖಾಲಿ ಆಗುತ್ತೆ” ಅಂದರು. ಅವರು ಸಂತೋಷದಿಂದಲೇ ಹೇಳಿದರು. ಕೇಳಿದ ನನಗೆ ಎದೆ ಧಸಕ್ ಎಂದಿತು.

‘ಕಂಪ್ಯೂಟರಿಗೆ ಸೇರಿತು’ ಅಂದರೆ ಎಲ್ಲಿಗೆ ಸೇರಿತು? ಅಲ್ಲಿ ಎಷ್ಟು ದಿನ ಇರುತ್ತದೆ? ಇವತ್ತು ನಾನು ಹೇಳಬೇಕಾದದ್ದು ಇಷ್ಟೇ. ನಡುವೆ ಸ್ವಲ್ಪ ಸುತ್ತಿ ಬರುತ್ತೇನೆ.

ಮೊದಲು ನಿಮ್ಮ ಜೇಬಿನಲ್ಲಿರುವ ಫೋನನ್ನೇ ತೆಗೆದುಕೊಳ್ಳೋಣ. ಅಂಗಡಿಯವನು “ಎಂಟು, ನೂರ ಇಪ್ಪತ್ತೆಂಟು” ಅನ್ನುತ್ತಾನೆ. ನಾವು ತಲೆ ಆಡಿಸಿ ದುಡ್ಡು ಕೊಡುತ್ತೇವೆ. ಎಂಟು ಅಂದರೆ 8 ಜಿಬಿ ರ‍್ಯಾಮ್, ನೂರ ಇಪ್ಪತ್ತೆಂಟು ಅಂದರೆ 128 ಜಿಬಿ ಸ್ಟೋರೇಜ್. ಎರಡಕ್ಕೂ ‘ಮೆಮೊರಿ’ ಅಂತಲೇ ಕರೆಯುವುದರಿಂದ ಗೊಂದಲ. ಸ್ಟೋರೇಜ್ ಅಂದರೆ ನಿಮ್ಮ ಫೋಟೊ, ಹಾಡು, ವಾಟ್ಸಾಪಿನಲ್ಲಿ ಬೆಳಗ್ಗೆ ಬೆಳಗ್ಗೆ ಬರುವ ಶುಭೋದಯದ ಗುಲಾಬಿ ಹೂವು, ಎಲ್ಲ ಕೂತಿರುವ ಜಾಗ. ಫೋನ್ ಆಫ್ ಮಾಡಿದರೂ ಅಲ್ಲೇ ಇರುತ್ತದೆ. ರ‍್ಯಾಮ್ ಅಂದರೆ ಈ ಕ್ಷಣ ಕೆಲಸ ನಡೆಯುತ್ತಿರುವ ಜಾಗ. ಫೋನ್ ಆಫ್ ಮಾಡಿದರೆ ಅದು ಖಾಲಿ. ಇದು ತರಗತಿಯ ಕಪ್ಪು ಹಲಗೆ, ಅದು ಬೀರುವಿನಲ್ಲಿರುವ ಪುಸ್ತಕ. ಲೆಕ್ಕ ಮಾಡುವುದಕ್ಕೆ ಹಲಗೆ ಬೇಕು. ಗಂಟೆ ಹೊಡೆದ ಮೇಲೆ ಡಸ್ಟರ್ ಬೀಳುತ್ತದೆ. ಫೋನಿನಲ್ಲಿ ಹತ್ತು ಆ್ಯಪ್ ತೆರೆದಾಗ ತಡವರಿಸುತ್ತಿದ್ದರೆ ಅದು ಹಲಗೆ ಸಾಲದ ತೊಂದರೆ. ಫೋಟೊ ಅಳಿಸಿದರೆ ಹಲಗೆ ದೊಡ್ಡದಾಗುವುದಿಲ್ಲ. ಬೀರು ಪೂರ್ತಿ ತುಂಬಿ ತುಳುಕುತ್ತಿದ್ದರೂ ಫೋನ್ ನಿಧಾನ ಆಗುತ್ತದೆ, ಅದು ಬೇರೆ ಮಾತು.

ಇನ್ನೊಂದು ದೂರು ಬಹಳ ಜನ ನನ್ನ ಹತ್ತಿರ ಹೇಳಿದ್ದಾರೆ. 32 ಜಿಬಿ ಪೆನ್ ಡ್ರೈವ್ ತಂದು ಕಂಪ್ಯೂಟರಿಗೆ ಹಾಕಿದರೆ 29.8 ಅಂತ ತೋರಿಸುತ್ತದೆ, ಅಂಗಡಿಯವನು ಮೋಸ ಮಾಡಿದ ಅಂತ. ಮೋಸ ಇಲ್ಲ. ತಯಾರಿಸುವವರು ಸಾವಿರಕ್ಕೊಮ್ಮೆ ಲೆಕ್ಕ ಏರಿಸುತ್ತಾರೆ: ಸಾವಿರ ಬೈಟಿಗೆ ಒಂದು ಕೆಬಿ, ಸಾವಿರ ಕೆಬಿಗೆ ಒಂದು ಎಂಬಿ, ಸಾವಿರ ಎಂಬಿಗೆ ಒಂದು ಜಿಬಿ. ವಿಂಡೋಸ್ ಕಂಪ್ಯೂಟರ್ 1,024ಕ್ಕೊಮ್ಮೆ ಏರಿಸುತ್ತದೆ. ಮೂರು ಸಲ ಏರಿಸುವಷ್ಟರಲ್ಲಿ 32 ಅನ್ನುವುದು 29.8 ಆಗುತ್ತದೆ. ಸರಕು ಅಷ್ಟೇ, ಸೇರು ಬೇರೆ.

ಬೈಟ್ ಅಂದೆ. ಕಂಪ್ಯೂಟರಿಗೆ ಗೊತ್ತಿರುವುದು ಇದೆ, ಇಲ್ಲ ಎಂಬ ಎರಡೇ ಮಾತು. ಒಂದು, ಸೊನ್ನೆ. ಅಂಥ ಒಂದು ಮಾತಿಗೆ ಬಿಟ್ ಅಂತ ಹೆಸರು, ಎಂಟು ಬಿಟ್ ಸೇರಿದರೆ ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಇಂದು ಎಲ್ಲ ಕಡೆ ಬಳಸುವ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಒಂದು ಸಂಕೇತಕ್ಕೆ ಸಾಮಾನ್ಯವಾಗಿ ಮೂರು ಬೈಟ್ ಬೇಕು. ‘ಶಾಲೆ’ ಅನ್ನುವುದು ನಮಗೆ ಎರಡು ಅಕ್ಷರ. ಕಂಪ್ಯೂಟರಿಗೆ ನಾಲ್ಕು ಸಂಕೇತ: ಶ, ದೀರ್ಘ, ಲ, ಎತ್ವ. ಅಂದರೆ ಹನ್ನೆರಡು ಬೈಟ್. ನಮ್ಮ ಕನ್ನಡ ಮೇಷ್ಟ್ರು ಸಂಧಿ ಬಿಡಿಸುವಾಗ ಬೋರ್ಡಿನ ಮೇಲೆ ಇದನ್ನೇ ಮಾಡುತ್ತಿದ್ದರು. ಆಗ ನಮಗೆ ಯಾಕೆ ಅಂತ ಗೊತ್ತಿರಲಿಲ್ಲ.

ಸರಿ, ಯಾಕೆ ಇಷ್ಟು ಬಗೆಯ ನೆನಪು? ಒಂದೇ ಬಗೆ ಇದ್ದರೆ ಸಾಲದೇ? ತಾಯಂದಿರಿಗೆ ಇದು ತಕ್ಷಣ ಗೊತ್ತಾಗುತ್ತದೆ. ಒಗ್ಗರಣೆ ಹಾಕುವಾಗ ಸಾಸಿವೆ, ಜೀರಿಗೆ ಇರುವ ಒಗ್ಗರಣೆ ಡಬ್ಬಿ ಕೈಗೆಟಕುವ ಹಾಗೆ ಇರುತ್ತದೆ. ಅದರಲ್ಲಿ ಹಿಡಿಸುವುದು ಸ್ವಲ್ಪ. ಅದು ಖಾಲಿಯಾದರೆ ಗೂಡಿನ ಡಬ್ಬದಿಂದ ತುಂಬುತ್ತೀರಿ. ಗೂಡಿನದು ಮುಗಿದರೆ ಒಳಕೋಣೆಯ ಗುಡಾಣ. ಹಿಂದೆ ನಮ್ಮೂರಲ್ಲಿ ಅದಕ್ಕೂ ಆಚೆಗೆ ಹಗೇವು ಇತ್ತು. ನೆಲದಲ್ಲಿ ತೋಡಿದ ಗುಂಡಿಯಲ್ಲಿ ರಾಗಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಆದರೆ ಬೇಕು ಅಂದ ಕೂಡಲೇ ಇಳಿಯುವ ಹಾಗಿರಲಿಲ್ಲ. ಬಾಯಿ ತೆರೆದು ಗಾಳಿ ಆಡಲು ಬಿಟ್ಟು ಆಮೇಲೆ ಇಳಿಯಬೇಕಿತ್ತು. ಹತ್ತಿರ ಇದ್ದದ್ದು ಸ್ವಲ್ಪ, ದೂರ ಇದ್ದದ್ದು ಹೆಚ್ಚು. ಕಂಪ್ಯೂಟರ್ ಕಟ್ಟಿದವರೂ ಇದೇ ಏರ್ಪಾಡು ಮಾಡಿಕೊಂಡಿದ್ದಾರೆ, ಏಕೆಂದರೆ ಬೇಗ ಸಿಗುವ ನೆನಪು ದುಬಾರಿ, ಅಗ್ಗದ ನೆನಪು ನಿಧಾನ.

ಎಷ್ಟು ನಿಧಾನ ಅಂತ ಒಂದು ಲೆಕ್ಕ ಹೇಳುತ್ತೇನೆ. ಮಕ್ಕಳು ಬರೆದುಕೊಳ್ಳಿ. ಪ್ರೊಸೆಸರಿನ ಒಳಗೇ ಇರುವ ಕ್ಯಾಶ್ ಎಂಬ ಪುಟ್ಟ ನೆನಪಿನಿಂದ ಒಂದು ಸಂಗತಿ ತರಲು ಸುಮಾರು ಒಂದು ನ್ಯಾನೊಸೆಕೆಂಡ್ ಹಿಡಿಯುತ್ತದೆ. ಅಂದರೆ ಒಂದು ಸೆಕೆಂಡನ್ನು ನೂರು ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ. ನಮ್ಮ ತಲೆಗೆ ಅದು ಹತ್ತುವುದಿಲ್ಲ. ಹಾಗಾಗಿ ಅದನ್ನು ಹಿಗ್ಗಿಸಿ ಒಂದು ಸೆಕೆಂಡ್ ಅಂದುಕೊಳ್ಳೋಣ. ಒಗ್ಗರಣೆ ಡಬ್ಬಿಗೆ ಕೈ ಹಾಕಲು ಒಂದು ಸೆಕೆಂಡ್. ಆಗ ರ‍್ಯಾಮಿಗೆ ಹೋಗಿ ಬರಲು ಒಂದೂವರೆ ನಿಮಿಷ. ಈಗಿನ ಲ್ಯಾಪ್‌ಟಾಪಿನಲ್ಲಿರುವ ಎಸ್‌ಎಸ್‌ಡಿಗೆ ಹೋಗಿ ಬರಲು ಒಂದು ದಿನದ ಮೇಲೆ. ಹಳೆಯ, ತಿರುಗುವ ಹಾರ್ಡ್ ಡಿಸ್ಕಿಗೆ ಹೋಗಿ ಬರಲು ಮೂರು ನಾಲ್ಕು ತಿಂಗಳು! ರಾಗಿ ಬಿತ್ತಿ ಕೊಯ್ಯುವಷ್ಟು ಕಾಲ. ನಮ್ಮ ಶಾಲೆಯ ಹಳೆಯ ಕಂಪ್ಯೂಟರ್ ಆನ್ ಮಾಡಿ ಟೀ ಕುಡಿದು ಬರಬೇಕಾಗಿದ್ದದ್ದು ಸುಮ್ಮನೆ ಅಲ್ಲ.

ರ‍್ಯಾಮ್ ಯಾಕೆ ಮರೆಯುತ್ತದೆ? ಇದು ನನಗೆ ಬಹಳ ಇಷ್ಟದ ಸಂಗತಿ. ರ‍್ಯಾಮಿನಲ್ಲಿ ಒಂದೊಂದು ಬಿಟ್ಟಿಗೆ ಒಂದೊಂದು ಸಣ್ಣ ಕೆಪಾಸಿಟರ್ ಇದೆ. ವಿದ್ಯುತ್ತಿನ ಪುಟ್ಟ ಕೊಡ ಅನ್ನಿ. ಕೊಡ ತುಂಬಿದ್ದರೆ ಒಂದು, ಖಾಲಿ ಇದ್ದರೆ ಸೊನ್ನೆ. ತೊಂದರೆ ಏನೆಂದರೆ ಎಲ್ಲ ಕೊಡಗಳೂ ತೂತು. ತುಂಬಿದ್ದು ಸೋರಿ ಹೋಗುತ್ತದೆ. ಅದಕ್ಕೆ ಕಂಪ್ಯೂಟರ್ ಸೋರಿಹೋಗುವ ಮೊದಲೇ ಪ್ರತಿಯೊಂದು ಕೊಡವನ್ನೂ ಇಣುಕಿ ನೋಡಿ, ಇದ್ದದ್ದನ್ನು ಮತ್ತೆ ತುಂಬುತ್ತದೆ. ಎಷ್ಟು ಸಲ? 64 ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ ಹದಿನೈದು ಸಲ. ನೀವು ಫೋನ್ ಹಿಡಿದು ಸುಮ್ಮನೆ ಕೂತಿದ್ದರೂ ಒಳಗೆ ಈ ನೀರು ಹೊರುವ ಕೆಲಸ ನಡೆಯುತ್ತಲೇ ಇರುತ್ತದೆ. ಕರೆಂಟು ಹೋಯಿತೋ, ನೀರು ಹೊರುವವರು ನಿಂತರು, ನೆನಪು ಹೋಯಿತು. ಐಬಿಎಂ ಕಂಪನಿಯ ರಾಬರ್ಟ್ ಡೆನ್ನಾರ್ಡ್ ಎಂಬ ಎಂಜಿನಿಯರ್‌ಗೆ 1968ರಲ್ಲಿ ಇದರ ಪೇಟೆಂಟ್ ಸಿಕ್ಕಿತು. ಸೋರುವ ಕೊಡವೇ ಇರಲಿ, ಆದರೆ ಅಗ್ಗವಾಗಿರಲಿ, ಬೇಗ ಬೇಗ ತುಂಬಿಕೊಂಡರಾಯಿತು ಎಂಬ ಆ ಯೋಚನೆಯ ಮೇಲೆಯೇ ಇವತ್ತಿನ ಎಲ್ಲ ಫೋನು, ಲ್ಯಾಪ್‌ಟಾಪು ನಿಂತಿವೆ.

ಅದಕ್ಕೂ ಮೊದಲು ಇದ್ದ ನೆನಪು ಸೋರುತ್ತಿರಲಿಲ್ಲ. ಅದು ಉಂಗುರಗಳ ನೆನಪು. ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು, ಚಿಕ್ಕದು ಅನ್ನುವಂಥ ಅಯಸ್ಕಾಂತದ ಉಂಗುರಗಳನ್ನು ತಂತಿಯಲ್ಲಿ ಪೋಣಿಸಿ ಜಾಲರಿ ಮಾಡುತ್ತಿದ್ದರು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನಮ್ಮ ದೇಶದವರೇ ಕಟ್ಟಿದ ಟಿಫ್ರಾಕ್ ಎಂಬ ಕಂಪ್ಯೂಟರಿನಲ್ಲೂ ಇಂಥ ಉಂಗುರಗಳೇ ಇದ್ದವು. ಇನ್ನೂ ಸೋಜಿಗದ್ದು ಚಂದ್ರನ ಮೇಲೆ ಹೋದ ಅಪೊಲೊ ನೌಕೆಯ ಕಂಪ್ಯೂಟರ್. ಅದರ ಪ್ರೋಗ್ರಾಮನ್ನು ಅಕ್ಷರಶಃ ನೇಯ್ದರು. ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದ ಕಾರ್ಖಾನೆಯಲ್ಲಿ ಹೆಂಗಸರು ಕೂತು, ಸೂಜಿಯಂಥ ಸಾಧನದಿಂದ ತಂತಿಯನ್ನು ಉಂಗುರದ ಒಳಗೆ ದಾಟಿಸಿದರೆ ಒಂದು, ಹೊರಗೆ ಬಿಟ್ಟರೆ ಸೊನ್ನೆ. ಹೀಗೆ ನೇಯ್ದ ನೆನಪಿನಲ್ಲಿ ಇದ್ದದ್ದು 36,864 ಪದ. ಪದ ಅಂದರೆ ಕಂಪ್ಯೂಟರಿನ ಲೆಕ್ಕದ ಪದ, ಒಂದೊಂದೂ ಎರಡು ಬೈಟಿನದು. ಅಳಿಸಿ ಬರೆಯುವ ನೆನಪು 2,048 ಪದ ಮಾತ್ರ. ಇವತ್ತು ವಾಟ್ಸಾಪಿನಲ್ಲಿ ಬರುವ ಒಂದು ಗುಲಾಬಿ ಹೂವು ಆ ಕಂಪ್ಯೂಟರಿನಲ್ಲಿ ಹಿಡಿಸುವುದು ಕಷ್ಟ. ಆದರೂ 1969ರಲ್ಲಿ ಅದು ಇಬ್ಬರನ್ನು ಚಂದ್ರನ ಮೇಲೆ ಇಳಿಸಿತು. ನೇಯ್ದದ್ದನ್ನು ಯಾರೂ ಅಳಿಸಲಾರರು. ಕರೆಂಟು ಹೋದರೂ ಅದು ಹೋಗದು. ಓದಬಹುದು, ಬದಲಿಸಲಾಗದು ಎಂಬ ಇಂಥ ನೆನಪಿಗೆ ರಾಮ್ ಅಲ್ಲ, ‘ರೋಮ್’ ಎಂದು ಹೆಸರು. ಕಂಪ್ಯೂಟರ್ ಕಣ್ಣು ಬಿಟ್ಟ ಕೂಡಲೇ ಮಾಡಬೇಕಾದ ಮೊದಲ ಕೆಲಸಗಳು ಅದಕ್ಕೆ ತಿಳಿಯುವುದು ಇಂಥ ಅಳಿಯದ ನೆನಪಿನಿಂದಲೇ. ಮಗ್ಗದ ಮನೆಯವರು ಈ ಸಭೆಯಲ್ಲಿ ಇದ್ದೀರಿ. ನಿಮ್ಮ ಕಸುಬಿನಂಥದ್ದೇ ಕಸುಬು ಚಂದ್ರನ ತನಕ ಹೋಗಿತ್ತು ಅಂತ ಮೊಮ್ಮಕ್ಕಳಿಗೆ ಹೇಳಿ.

ಈಗ ಬೀರುವಿನ ಕಡೆಗೆ, ಅಂದರೆ ಸ್ಟೋರೇಜ್ ಕಡೆಗೆ ಬರುತ್ತೇನೆ. ನಮ್ಮ ಶಾಲೆಯ ಪ್ರಶ್ನೆ ಇರುವುದು ಇಲ್ಲಿಯೇ.

ಹಾರ್ಡ್ ಡಿಸ್ಕ್ ಮೊದಲು ಬಂದದ್ದು 1956ರಲ್ಲಿ, ಐಬಿಎಂನಿಂದ. ಎರಡು ಅಡಿ ಅಗಲದ ಐವತ್ತು ತಟ್ಟೆಗಳು, ಒಂದು ಟನ್ನಿನ ಹತ್ತಿರ ತೂಕ. ಅದರಲ್ಲಿ ಹಿಡಿಸುತ್ತಿದ್ದದ್ದು ಐವತ್ತು ಲಕ್ಷ ಇಂಗ್ಲಿಷ್ ಅಕ್ಷರ. ಇವತ್ತಿನ ಫೋನಿನಲ್ಲಿ ತೆಗೆದ ಒಂದು ಫೋಟೊ, ಹೆಚ್ಚೆಂದರೆ ಎರಡು. ಈಗಿನ ಹಾರ್ಡ್ ಡಿಸ್ಕ್ ಅಂಗೈ ಮೇಲೆ ಕೂರುತ್ತದೆ, ಆದರೆ ಒಳಗಿನ ಕೆಲಸ ಅದೇ. ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವ ತಟ್ಟೆ, ಅದರ ಮೇಲೆ ಓದುವ ಮುಳ್ಳು. ಗ್ರಾಮಫೋನಿನ ಮುಳ್ಳಿನ ಹಾಗೆ ಇದು ತಟ್ಟೆಯನ್ನು ಮುಟ್ಟುವುದಿಲ್ಲ. ಕೂದಲೆಳೆಯ ದಪ್ಪದ ಸಾವಿರಾರು ಪಾಲಿನಲ್ಲಿ ಒಂದು ಪಾಲು ಎತ್ತರದಲ್ಲಿ ತೇಲುತ್ತಿರುತ್ತದೆ. ನಡೆಯುತ್ತಿರುವ ಹಾರ್ಡ್ ಡಿಸ್ಕನ್ನು ಮೇಜಿನಿಂದ ಕೆಡವಿದರೆ ಮುಳ್ಳು ತಟ್ಟೆಯನ್ನು ಗೀರುತ್ತದೆ. ಟಕ್ ಟಕ್ ಎಂದು ಸದ್ದು ಬರಲು ಶುರುವಾದರೆ ಆ ಡಿಸ್ಕನ್ನು ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ಆಫ್ ಮಾಡಿ, ತಿಳಿದವರಿಗೆ ತೋರಿಸಿ.

ಪೆನ್ ಡ್ರೈವ್, ಮೆಮೊರಿ ಕಾರ್ಡ್, ಫೋನಿನ 128 ಜಿಬಿ, ಎಸ್‌ಎಸ್‌ಡಿ, ಇವೆಲ್ಲ ಒಂದೇ ಜಾತಿ. ಫ್ಲ್ಯಾಶ್ ಮೆಮೊರಿ. 1980ರ ದಶಕದಲ್ಲಿ ಜಪಾನಿನ ತೋಷಿಬಾ ಕಂಪನಿಯ ಫುಜಿಯೊ ಮಸುವೊಕ ಎಂಬವರು ಕಂಡುಹಿಡಿದದ್ದು. ಇಲ್ಲೂ ವಿದ್ಯುತ್ತಿನ ಕಣಗಳೇ, ಆದರೆ ಇಲ್ಲಿ ಅವನ್ನು ತೂತು ಕೊಡದಲ್ಲಿ ಇಡುವುದಿಲ್ಲ. ಸುತ್ತ ಗೋಡೆ ಇರುವ ಕೋಣೆಯಲ್ಲಿ ಕೂಡಿಹಾಕುತ್ತಾರೆ. ಬಾಗಿಲೇ ಇಲ್ಲದ ಕೋಣೆ. ಬರೆಯುವಾಗ, ಅಳಿಸುವಾಗ ಗೋಡೆಯ ಮೂಲಕವೇ ಬಲವಂತವಾಗಿ ದಾಟಿಸಬೇಕು. ಹಾಗೆ ದಾಟಿಸಿದಾಗಲೆಲ್ಲ ಗೋಡೆ ಒಂದಿಷ್ಟು ಸವೆಯುತ್ತದೆ. ಅದಕ್ಕೇ ಇಂಥ ನೆನಪನ್ನು ಇಷ್ಟೇ ಸಲ ಅಳಿಸಿ ಬರೆಯಬಹುದು ಎಂಬ ಮಿತಿ ಇದೆ. ಗೋಡೆ ಎಷ್ಟೇ ಗಟ್ಟಿಯಾದರೂ ಒಳಗಿನ ಕಣಗಳು ಒಂದೊಂದಾಗಿ ತಪ್ಪಿಸಿಕೊಳ್ಳುತ್ತಲೇ ಇರುತ್ತವೆ. ಬಿಸಿಲಿನ ಜಾಗದಲ್ಲಿ ಇನ್ನೂ ಬೇಗ. ಮನೆಬಳಕೆಯ ಎಸ್‌ಎಸ್‌ಡಿಗಳಿಗೆ ಇರುವ ಒಂದು ಮಾನದಂಡ ಏನು ಕೇಳುತ್ತದೆ ಗೊತ್ತೇ? ಹೇಳಿದಷ್ಟು ಬಳಸಿ ಸವೆದ ಡ್ರೈವನ್ನು ಕರೆಂಟು ಇಲ್ಲದೆ 30 ಡಿಗ್ರಿ ಶಾಖದಲ್ಲಿ ಇಟ್ಟರೆ ಒಂದು ವರ್ಷ ನೆನಪು ಉಳಿಯಬೇಕು ಅಂತ. ಒಂದೇ ವರ್ಷ. ಹೊಸದು, ಕಡಿಮೆ ಬಳಸಿದ್ದು ಇದಕ್ಕಿಂತ ಬಹಳ ಹೆಚ್ಚು ಕಾಲ ಬಾಳುತ್ತದೆ, ಹೆದರಬೇಡಿ. ಆದರೆ ಡ್ರಾಯರಿನಲ್ಲಿ ಬೀಗ ಹಾಕಿ ಇಟ್ಟ ಪೆನ್ ಡ್ರೈವ್ ಇನ್ನು ಐವತ್ತು ವರ್ಷಕ್ಕೆ, ಶತಮಾನೋತ್ಸವದ ದಿನ ತೆಗೆದರೆ ಹಾಗೇ ಇರುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ಅದು ಸಾಗಿಸುವುದಕ್ಕೆ ಮಾಡಿದ ಸಾಮಾನು. ಚೀಲ ಅನ್ನಿ. ಚೀಲದಲ್ಲಿ ರಾಗಿ ತರುತ್ತೇವೆ, ಹತ್ತು ವರ್ಷ ಚೀಲದಲ್ಲೇ ಬಿಡುವುದಿಲ್ಲ.

ಸಿಡಿ ವಿಷಯ ಚುಟುಕಾಗಿ ಮುಗಿಸುತ್ತೇನೆ. ಮದುವೆ ಸಿಡಿ ಎಲ್ಲರ ಮನೆಯಲ್ಲೂ ಇದೆ. ಅಂಗಡಿಯಲ್ಲಿ ಬರೆದುಕೊಡುವ ಸಿಡಿಯಲ್ಲಿ ಒಂದು ಬಣ್ಣದ ಪದರ ಇರುತ್ತದೆ, ಅದಕ್ಕೆ ಬಿಸಿಲು, ತೇವ ಆಗದು. ಓದಲು ಬರುತ್ತಿರುವಾಗಲೇ ಬೇರೆ ಕಡೆ ಇಳಿಸಿಕೊಳ್ಳಿ. ಈಗಿನ ಲ್ಯಾಪ್‌ಟಾಪಿಗೆ ಸಿಡಿ ಹಾಕುವ ಬಾಯೇ ಇಲ್ಲ.

ಟೇಪು ಸತ್ತುಹೋಯಿತು ಅಂತ ನೀವು ತಿಳಿದಿರಬಹುದು. ಇಲ್ಲ. ಕ್ಯಾಸೆಟ್ಟಿನ ಹಾಡು ಹೋಯಿತು, ಟೇಪು ಹೋಗಲಿಲ್ಲ. ದೊಡ್ಡ ಸಂಸ್ಥೆಗಳು ಈಗಲೂ ಹಳೆಯ ದಾಖಲೆಗಳನ್ನು ಕಾಂತೀಯ ಟೇಪಿನಲ್ಲಿಯೇ ಇಡುತ್ತವೆ. 2021ರಲ್ಲಿ ಬಂದ ಒಂದು ಬಗೆಯ ಟೇಪಿನ ಒಂದೇ ಡಬ್ಬಿಯಲ್ಲಿ 18 ಟಿಬಿ, ಅಂದರೆ 18,000 ಜಿಬಿ ಹಿಡಿಸುತ್ತದೆ. ಇದೇ ನಮ್ಮ ಹಗೇವು. ಅಗ್ಗ, ಬಹಳ ಹಿಡಿಸುತ್ತದೆ, ಬೇಕಾದಾಗ ತೆಗೆಯಲು ಹೊತ್ತು ಹಿಡಿಯುತ್ತದೆ.

“ಕ್ಲೌಡಿಗೆ ಹಾಕಿಬಿಟ್ಟರೆ ಮುಗಿಯಿತಲ್ಲ ಸಾರ್” ಎಂದು ಬೆಂಗಳೂರಿನಿಂದ ಬಂದ ಗೆಳೆಯರು ಊಟದ ಪಂಕ್ತಿಯಲ್ಲಿ ಕೇಳಿದರು. ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಆಕಾಶದಲ್ಲಿ ಏನೂ ಇಲ್ಲ. ಕ್ಲೌಡ್ ಅಂದರೆ ಬೇರೆಯವರ ಕಟ್ಟಡದಲ್ಲಿರುವ ಬೇರೆಯವರ ಡಿಸ್ಕು. ಅವರು ನಮಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾರೆ, ಒಂದಕ್ಕೆ ನಾಲ್ಕು ಪ್ರತಿ ಇಟ್ಟಿರುತ್ತಾರೆ. ಹಾಗಿದ್ದೂ 2011ರ ಫೆಬ್ರವರಿಯಲ್ಲಿ ಒಂದು ಸಾಫ್ಟ್‌ವೇರ್ ದೋಷದಿಂದ ಜಿಮೇಲ್ ಬಳಸುವವರಲ್ಲಿ ಹತ್ತು ಸಾವಿರಕ್ಕೆ ಇಬ್ಬರಂತೆ ಕೆಲವರ ಪತ್ರಗಳು ಕಾಣೆಯಾದವು. ಬೇರೆ ಬೇರೆ ಕಡೆ ಇದ್ದ ಡಿಸ್ಕಿನ ಪ್ರತಿಗಳಿಗೂ ದೋಷ ತಾಗಿತ್ತು. ಗೂಗಲ್ ಅದನ್ನು ವಾಪಸ್ ತಂದದ್ದು ಎಲ್ಲಿಂದ? ಟೇಪಿನಿಂದ. ಬೇರೆ ಜಾತಿಯ ಒಂದು ಪ್ರತಿ ಇದ್ದದ್ದರಿಂದ ಬಚಾವಾಯಿತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಈಗ ಒಂದು ಕತೆ. ನಿಜವಾಗಿ ನಡೆದದ್ದು, ಇಂಗ್ಲೆಂಡಿನಲ್ಲಿ. 1086ರಲ್ಲಿ ಅಲ್ಲಿನ ದೊರೆ ತನ್ನ ರಾಜ್ಯದ ಹೊಲ, ಮನೆ, ಎತ್ತು, ಹಂದಿ ಎಲ್ಲ ಲೆಕ್ಕ ಹಾಕಿಸಿ ಚರ್ಮದ ಹಾಳೆಯ ಮೇಲೆ ಬರೆಸಿದ. ಡೂಮ್ಸ್‌ಡೇ ಪುಸ್ತಕ ಅಂತ ಅದಕ್ಕೆ ಹೆಸರು. ಅದರ 900ನೇ ವರ್ಷಕ್ಕೆ, 1986ರಲ್ಲಿ, ಬಿಬಿಸಿ ಒಂದು ಹೊಸ ಡೂಮ್ಸ್‌ಡೇ ಮಾಡಿತು. ಬ್ರಿಟನ್ನಿನ ಸಾವಿರಾರು ಶಾಲೆಗಳ ಮಕ್ಕಳು ತಮ್ಮ ಊರಿನ ಅಂಗಡಿ, ಹೊಲ, ಆಟ, ಊಟ ಎಲ್ಲದರ ಬಗ್ಗೆ ಬರೆದರು, ಫೋಟೊ ತೆಗೆದರು. ಹೆಚ್ಚುಕಡಿಮೆ ನಮ್ಮ ಹುಡುಗರು ಈಗ ಮಾಡಿದ ಕೆಲಸವೇ. ಅದನ್ನೆಲ್ಲ ಆ ಕಾಲದ ಅತ್ಯಂತ ಹೊಸ ಸಾಧನವಾದ, ಊಟದ ತಟ್ಟೆಯಷ್ಟು ದೊಡ್ಡ ಲೇಸರ್ ಡಿಸ್ಕಿನಲ್ಲಿ ಹಾಕಿದರು. ಅದನ್ನು ಓದಲು ಒಂದು ವಿಶೇಷ ಯಂತ್ರ, ಒಂದು ವಿಶೇಷ ಕಂಪ್ಯೂಟರ್ ಬೇಕಿತ್ತು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಆ ಯಂತ್ರಗಳು ಮೂಲೆ ಸೇರಿ, ಕೆಲಸ ಮಾಡುವವು ಬೆರಳೆಣಿಕೆಯಾದವು. ಡಿಸ್ಕು ಚೆನ್ನಾಗಿದೆ, ಓದುವವರಿಲ್ಲ! ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ಸಂಶೋಧಕರು ಕೂತು, ಹೊಸ ಕಂಪ್ಯೂಟರ್ ಆ ಹಳೆಯ ಕಂಪ್ಯೂಟರಿನ ಹಾಗೆ ನಡೆಯುವಂತೆ ಮಾಡಿ 2002ರ ಹೊತ್ತಿಗೆ ಅದನ್ನು ಮತ್ತೆ ಓದಿದರು. 900 ವರ್ಷದ ಚರ್ಮದ ಪುಸ್ತಕ ಮಾತ್ರ ಅಲ್ಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಆರಾಮವಾಗಿದೆ. ಅದನ್ನು ಓದಲು ಕಣ್ಣು, ಲ್ಯಾಟಿನ್ ಎರಡಿದ್ದರೆ ಸಾಕು.

ಇಂಗ್ಲೆಂಡಿನ ತನಕ ಯಾಕೆ ಹೋಗಬೇಕು? ನಮ್ಮ ಶಾಲೆಯ ಬೆಳ್ಳಿಹಬ್ಬದ ಸಂಚಿಕೆ ಇಲ್ಲೇ ಮೇಜಿನ ಮೇಲೆ ಇದೆ. ಅದನ್ನು ತಾಲ್ಲೂಕಿನ ಡಿಟಿಪಿ ಕೇಂದ್ರದಲ್ಲಿ ಬೆರಳಚ್ಚು ಮಾಡಿಸಿ, ಅದರ ಫ್ಲಾಪಿಗಳನ್ನು ಜೋಪಾನವಾಗಿ ಲಕೋಟೆಯಲ್ಲಿ ಹಾಕಿ ಇಟ್ಟಿದ್ದಾರೆ. ಒಂದೊಂದರಲ್ಲಿ 1.44 ಎಂಬಿ. ಈ ಸಂಚಿಕೆಗಾಗಿ ಹಳೆಯ ಲೇಖನ ಒಂದನ್ನು ತೆಗೆಯೋಣ ಅಂದರೆ ಊರಿಡೀ ಹುಡುಕಿದರೂ ಫ್ಲಾಪಿ ಹಾಕುವ ಕಂಪ್ಯೂಟರ್ ಇಲ್ಲ. ಸಿಕ್ಕಿದ್ದರೂ ಇನ್ನೊಂದು ಗಂಟು ಇತ್ತು. ಆ ಕಾಲದಲ್ಲಿ ಕನ್ನಡದ ಅಕ್ಷರಗಳನ್ನು ಇಂಗ್ಲಿಷಿನ ಅಕ್ಷರ, ಚಿಹ್ನೆಗಳ ಮನೆಯಲ್ಲಿ ಕೂರಿಸಿ ಬರೆಯುತ್ತಿದ್ದರು. ಅದೇ ಫಾಂಟ್ ಇದ್ದರೆ ಕನ್ನಡ. ಇಲ್ಲದಿದ್ದರೆ ತಲೆಬುಡ ಇಲ್ಲದ ಚಿಹ್ನೆಗಳ ಸಂತೆ. ಆಗಿನವರನ್ನು ನಾನು ದೂರುವುದಿಲ್ಲ. ಹಾಗೆ ಮಾಡಿದ್ದರಿಂದಲೇ ನಮಗೆ ಕಂಪ್ಯೂಟರಿನಲ್ಲಿ ಕನ್ನಡ ಸಿಕ್ಕಿತು. ನುಡಿ, ಬರಹದಲ್ಲಿ ಬರೆದ ಹಳೆಯ ಕಡತಗಳು ನಿಮ್ಮಲ್ಲಿ ಯಾರ ಹತ್ತಿರವಾದರೂ ಇದ್ದರೆ ಯೂನಿಕೋಡಿಗೆ ಬದಲಿಸಿ ಇಟ್ಟುಕೊಳ್ಳಿ, ಬದಲಿಸುವ ತಂತ್ರಾಂಶಗಳು ಸಿಗುತ್ತವೆ. ಕೊನೆಗೆ ನಾವು ಮಾಡಿದ್ದೇನು? ಬೆಳ್ಳಿಹಬ್ಬದ ಪುಸ್ತಕ ತೆರೆದು, ಕಾಗದ ನೋಡಿಕೊಂಡು ಮತ್ತೆ ಬೆರಳಚ್ಚು ಮಾಡಿದೆವು.

ಈಗ ಕೆಲಸದ ವಿಷಯ. ಮಲಗಿದವರನ್ನು ಎಬ್ಬಿಸಿ.

ದಾಖಲಾತಿ ಪುಸ್ತಕವನ್ನು ರದ್ದಿಗೆ ಹಾಕಬಾರದು. ಈಗಿನ ಮಕ್ಕಳ ವಿವರ ಸರ್ಕಾರದ ಸ್ಯಾಟ್ಸ್ ತಂತ್ರಾಂಶದಲ್ಲಿದೆ. ಅದಕ್ಕೂ ಹಿಂದಿನವರ ಜನ್ಮದಿನಾಂಕ, ತಂದೆಯ ಹೆಸರು, ಯಾವ ತರಗತಿಗೆ ಬಂದರು, ಯಾವಾಗ ಬಿಟ್ಟರು ಎಂಬುದಕ್ಕೆ ಶಾಲೆಯಲ್ಲಿ ಇರುವ ಮೂಲ ಆ ಪುಸ್ತಕ. ಪಿಂಚಣಿಗೋ, ಜಾತಿ ಪ್ರಮಾಣಪತ್ರಕ್ಕೋ, ಹೆಸರಿನ ತಿದ್ದುಪಡಿಗೋ ಅರವತ್ತು ವರ್ಷದವರು ಕೂಡ ಈ ಶಾಲೆಯ ಕಚೇರಿ ಬಾಗಿಲಿಗೆ ಬರುವುದನ್ನು ಗುಮಾಸ್ತರು ನೋಡಿದ್ದಾರೆ. ಪುಟದ ಚಿತ್ರ ಕಂಪ್ಯೂಟರಿನಲ್ಲಿದ್ದರೆ ಹುಡುಕುವುದು ಸುಲಭ, ಪುಸ್ತಕ ಪದೇ ಪದೇ ತೆರೆದು ಹರಿಯುವುದು ತಪ್ಪುತ್ತದೆ. ಚಿತ್ರದಿಂದ ಆಗುವ ಉಪಕಾರ ಅದು. ಗೆದ್ದಲಿಗೆ ಮದ್ದು ಹೊಡೆಸಿ, ಗೋಡೆಗೆ ತಾಗದ ಹಾಗೆ ಕಬ್ಬಿಣದ ಬೀರು ಇಡುವ ಖರ್ಚನ್ನು ನಮ್ಮ ಬ್ಯಾಚಿನವರು ಕೊಡುತ್ತೇವೆ ಎಂದು ಒಪ್ಪಿದ್ದಾರೆ.

ಸ್ಕ್ಯಾನ್ ಮಾಡಿದ್ದಕ್ಕೆ ಮೂರು ಪ್ರತಿ ಬೇಕು. ಒಂದು ಕಚೇರಿಯ ಕಂಪ್ಯೂಟರಿನಲ್ಲಿ. ಇನ್ನೊಂದು ಬೇರೆ ಹಾರ್ಡ್ ಡಿಸ್ಕಿನಲ್ಲಿ, ಅದು ಈ ಕಟ್ಟಡದಲ್ಲಿ ಇರಬಾರದು. ಮಳೆಗೆ ಸೂರು ಸೋರಿದರೆ ಎರಡೂ ಒಟ್ಟಿಗೆ ನೆನೆಯುತ್ತವೆ. ಎಲ್ಲಿ ಇಡಬೇಕು ಎಂಬುದನ್ನು ಎಸ್‌ಡಿಎಂಸಿ ಗೊತ್ತುಮಾಡಿ, ನಡಾವಳಿ ಪುಸ್ತಕದಲ್ಲಿ ಬರೆಯಲಿ. ಮೂರನೆಯದು ಕ್ಲೌಡಿನಲ್ಲಿ, ಶಾಲೆಯ ಹೆಸರಿನ ಖಾತೆಯಲ್ಲಿ. ನನ್ನ ಹೆಸರಿನಲ್ಲಿ ಬೇಡ, ಯಾವ ಮೇಷ್ಟ್ರ ಸ್ವಂತ ಹೆಸರಿನಲ್ಲೂ ಬೇಡ. ಮೇಷ್ಟ್ರಿಗೆ ವರ್ಗ ಆದರೆ ಪಾಸ್‌ವರ್ಡೂ ವರ್ಗ ಆಗಿಬಿಡುತ್ತದೆ. ಫೋಟೊ ಬೇಕಾದರೆ ಎಲ್ಲರಿಗೂ ಹಂಚಿ. ದಾಖಲಾತಿ ಪುಟ ಮಾತ್ರ ವಾಟ್ಸಾಪ್ ಗುಂಪಿಗೆ ಬರಬಾರದು. ಅದರಲ್ಲಿ ಜಾತಿ ಇದೆ, ಹುಟ್ಟಿದ ದಿನ ಇದೆ, ಮನೆಯ ವಿಷಯ ಇದೆ. ಅದು ಅವರವರದ್ದು.

ಇಟ್ಟು ಮರೆತರೆ ಮೂರು ಪ್ರತಿಯೂ ಕೆಡುತ್ತವೆ. ವರ್ಷಕ್ಕೊಮ್ಮೆ ತೆರೆದು ನೋಡಬೇಕು, ಐದಾರು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ಇಳಿಸಬೇಕು. ಆ ಸೋರುವ ಕೊಡಕ್ಕೆ ಸೆಕೆಂಡಿಗೆ ಹದಿನೈದು ಸಲ ಮಾಡುವ ಕೆಲಸವನ್ನು ನಾವು ವರ್ಷಕ್ಕೊಂದು ಸಲ ಮಾಡಿದರೆ ಆಯಿತು. ನವೆಂಬರ್ 1ರಂದು ಧ್ವಜ ಹಾರಿಸಿ ಸಿಹಿ ಹಂಚಿದ ಮೇಲೆ ಒಂಬತ್ತನೆಯ ತರಗತಿಯ ಮಕ್ಕಳು ಮೇಷ್ಟ್ರ ಜೊತೆ ಕೂತು ಮಾಡಬಹುದು. ಫೋಟೊಗಳನ್ನೆಲ್ಲ ತೆರೆದು ಎಣಿಸಲಿ. ದಾಖಲಾತಿ ಪುಟಗಳನ್ನು ಮೇಷ್ಟ್ರೇ ನೋಡಲಿ. ಎಷ್ಟು ಇದ್ದವು, ಎಷ್ಟು ತೆರೆದವು ಅಂತ ಒಂದು ನೋಟ್ ಪುಸ್ತಕದಲ್ಲಿ ಬರೆದು ಸಹಿ ಹಾಕಲಿ.

ಇನ್ನೊಂದು ಕೊರತೆ ಇದೆ, ಅದನ್ನು ಯಾವ ಡಿಸ್ಕೂ ತುಂಬಲಾರದು. ಸ್ಕ್ಯಾನ್ ಮಾಡಿದ ಫೋಟೊಗಳ ಹೆಸರು ಏನಿದೆ ಗೊತ್ತೇ? ‘ಐಎಂಜಿ 0041’, ‘ಐಎಂಜಿ 0042’. ಮೊದಲ ಬ್ಯಾಚಿನ ಚಿತ್ರದಲ್ಲಿ ಮೂರು ಸಾಲು ಹುಡುಗರು, ಒಂದು ಸಾಲು ಹುಡುಗಿಯರು. ಹುಡುಗಿಯರಲ್ಲಿ ಇಬ್ಬರ ಹೆಸರು ಮಾತ್ರ ನಮಗೆ ಸಿಕ್ಕಿದೆ. ಮಧ್ಯದಲ್ಲಿ ಕೋಟು ಹಾಕಿ ಕೂತ ಮೇಷ್ಟ್ರು ಯಾರು ಅಂತ ಈಗಿನ ಶಿಕ್ಷಕರಿಗೆ ಗೊತ್ತಿಲ್ಲ. ಇಲ್ಲಿ ಕೂತಿರುವ ನಿಮ್ಮಲ್ಲಿ ಕೆಲವರಿಗೆ ಗೊತ್ತಿದೆ, ಬೇರೆ ಎಲ್ಲೂ ಅದು ಬರೆದಿಲ್ಲ.

ಅದಕ್ಕೇ ಎಲ್ಲ ಫೋಟೊಗಳನ್ನೂ ದೊಡ್ಡದಾಗಿ ಪ್ರಿಂಟ್ ತೆಗೆಸಿ, ಎಂಟನೆಯ ‘ಬಿ’ ಕೋಣೆಯಲ್ಲಿ ಬೆಂಚಿನ ಮೇಲೆ ಹರಡಿದ್ದೇವೆ. ಪಕ್ಕದಲ್ಲಿ ಪೆನ್ಸಿಲ್ ಇದೆ. ಒಂದೊಂದು ಬೆಂಚಿಗೆ ಇಬ್ಬಿಬ್ಬರು ಮಕ್ಕಳು ಕೂತಿದ್ದಾರೆ. ನೀವು ಬೆರಳಿಟ್ಟು ಹೆಸರು ಹೇಳಿದರೆ ಸಾಕು, ಅವರು ಬರೆದುಕೊಳ್ಳುತ್ತಾರೆ. ಹೆಸರು ಮರೆತಿದ್ದರೆ ಯಾರ ಮಗ, ಯಾವ ಮನೆಯವಳು ಅಂತ ಹೇಳಿ. ಕನ್ನಡಕ ಮರೆತು ಬಂದವರಿಗೆ ಭೂತಗನ್ನಡಿ ಇಟ್ಟಿದ್ದೇವೆ. ಮೊದಲ ಐದು ಬ್ಯಾಚಿನವರು ದಯವಿಟ್ಟು ಮೊದಲು ಹೋಗಿ, ಅದರಲ್ಲೂ ಐದೂವರೆ ಬಸ್ಸಿಗೆ ಹೊರಡುವವರು.